ಅಸ್ಸಿ ದಾಟದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ನಲವತ್ತು ವರ್ಷ ಜೈಲಿನಲ್ಲಿದ್ದರು. ಈಗಲೂ ಇದ್ದಾರೋ ಇಲ್ಲವೋ ಎಂಬ ಬಗ್ಗೆ ನಮ್ಮ ಗಲ್ಲಿಯ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ.

ಗಾಬರಿಯಾಗಬೇಡಿ. ಕಳ್ಳತನ, ಖೂನಿ ಅಂಥದ್ದೇನೂ ಇಲ್ಲ. ಕಂಬಿಯಿಲ್ಲ, ಬೀಗವಿಲ್ಲ, ಪೊಲೀಸರಿಲ್ಲ. ತಾವೇ ಜಡ್ಜಾಗಿ ತಮಗೇ ಜೀವಾವಧಿ ವಿಧಿಸಿಕೊಂಡು, ತಾವೇ ಕಾವಲುಗಾರರಾಗಿ ತಮ್ಮನ್ನೇ ಕಾದುಕೊಂಡ ಮಹಾನುಭಾವರು ಅವರು. ಉತ್ತರಕ್ಕೆ ವರುಣಾ ನದಿ, ದಕ್ಷಿಣಕ್ಕೆ ಅಸ್ಸಿ ನದಿ, ಪೂರ್ವಕ್ಕೆ ಗಂಗೆ. ಪಶ್ಚಿಮಕ್ಕೆ ಏನು ಎಂದು ಅವರನ್ನು ಕೇಳಲೇಬಾರದು, ಕೇಳಿದರೆ ನಿಮ್ಮ ಮಧ್ಯಾಹ್ನದ ಊಟ ತಪ್ಪುತ್ತದೆ. ಈ ಗೆರೆಗಳ ನಡುವೆ ಇರುವುದೇ ಕಾಶಿ. ಇದರೊಳಗೆ ಸತ್ತವರ ಕಿವಿಯಲ್ಲಿ ವಿಶ್ವನಾಥ ತಾನೇ ಬಂದು ತಾರಕಮಂತ್ರ ಹೇಳುತ್ತಾನೆ, ಮತ್ತೆ ಹುಟ್ಟುವ ತಾಪತ್ರಯವಿಲ್ಲ. ಒಂದು ಹೆಜ್ಜೆ ಆಚೆ ಸತ್ತಿರೋ, ಮತ್ತೆ ಅಂಬೆಗಾಲು, ಮತ್ತೆ ಸ್ಕೂಲು, ಮತ್ತೆ ಗಣಿತ! ಅದಕ್ಕೇ ಕೆಲವರು ಗಂಗೆಯ ನೀರನ್ನು ಕೈಯಲ್ಲಿ ಹಿಡಿದು, ಸಾಯುವ ತನಕ ಈ ಗೆರೆ ದಾಟುವುದಿಲ್ಲ ಎಂದು ಸಂಕಲ್ಪ ಮಾಡುತ್ತಾರೆ. ಕ್ಷೇತ್ರಸಂನ್ಯಾಸ ಎಂದು ಅದರ ಹೆಸರು. ಸಂನ್ಯಾಸ ಎಂದ ಮಾತ್ರಕ್ಕೆ ಹೆಂಡತಿಯನ್ನು ಬಿಡಬೇಕಾಗಿಲ್ಲ, ರೈಲು ಬಿಟ್ಟರೆ ಸಾಕು.

ಇಂಥ ವ್ರತ ಹಿಡಿದವರೆಂದರೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಅರ್ಧ ಮುಚ್ಚಿದ ಕಣ್ಣು, ಕೈಯಲ್ಲಿ ಜಪಮಣಿ, ಮುಖದಲ್ಲಿ ಶಾಂತಿ, ಅಲ್ಲವೇ? ನಮ್ಮ ಚಿಕ್ಕಪ್ಪನನ್ನು ನೀವು ನೋಡಿಲ್ಲ. ಅವರು ಕೂತಲ್ಲಿ ಕೂರುವವರಲ್ಲ, ನಿಂತಲ್ಲಿ ನಿಲ್ಲುವವರಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವರು. ದಶಾಶ್ವಮೇಧ ಘಾಟಿನಲ್ಲಿ ಕರ್ನಾಟಕದಿಂದ ಬರುವ ಯಾತ್ರಿಕರಿಗೆ ತರ್ಪಣ, ಪಿಂಡಪ್ರದಾನ ಮಾಡಿಸುವುದು ನಮ್ಮ ಮನೆತನದ ಕಸುಬು. ಯಾತ್ರಿಕ ಒಂದು ಸಲ ಎಳ್ಳುನೀರು ಬಿಡುವಷ್ಟರಲ್ಲಿ ಚಿಕ್ಕಪ್ಪ ನಾಲ್ಕು ಮೆಟ್ಟಿಲು ಹತ್ತಿ, ಟೀ ಅಂಗಡಿಯವನಿಗೆ ಒಂದಿಷ್ಟು ಬೈದು, ಎದುರಾದ ದೋಣಿಯವನ ಮಗನ ಪರೀಕ್ಷೆಯ ಫಲಿತಾಂಶ ವಿಚಾರಿಸಿ, ಇಳಿದು ಬಂದು, "ಹಾಂ, ಈಗ ಅಜ್ಜನ ಹೆಸರು ಹೇಳಿ" ಎನ್ನುತ್ತಾರೆ. ಊಟದ ಮಧ್ಯೆ ಏಳಬಾರದು ಎನ್ನುವ ಶಾಸ್ತ್ರ ಅವರಿಗೆ ಎಲ್ಲ ಉಪವಾಸಗಳಿಗಿಂತ ಕಷ್ಟದ್ದು. ಅದಕ್ಕೇ ಸಾರು ಬಡಿಸುವಾಗಲೇ ಮಜ್ಜಿಗೆಗೆ ಕೈ ಚಾಚುತ್ತಾರೆ.

ಹಾಗಾದರೆ ಇಂಥವರು ಇಂಥ ವ್ರತ ಹಿಡಿದದ್ದೇಕೆ? ಭಕ್ತಿಯಿಂದ ಎಂದುಕೊಂಡಿರಾ? ಜಗಳದಿಂದ! ಆ ಕಾಲದಲ್ಲಿ ಚಿಕ್ಕಪ್ಪ ಇವತ್ತು ಪ್ರಯಾಗದಲ್ಲಿದ್ದರೆ ನಾಳೆ ಅಯೋಧ್ಯೆ, ನಾಡಿದ್ದು ಕಾಠ್ಮಂಡು. ಒಂದು ದಿನ ನಮ್ಮಪ್ಪನಿಗೆ ರೇಗಿತು. "ನೀನು ಒಂದು ಕಡೆ ನಿಲ್ಲೋ ಜಾಯಮಾನದವನಲ್ಲ ಕಣೋ. ನಿನ್ನನ್ನ ನಂಬಿ ಯಾತ್ರಿಕರನ್ನ ಹೇಗೆ ಒಪ್ಪಿಸಲಿ?" ಎಂದುಬಿಟ್ಟರು. ಚಿಕ್ಕಪ್ಪ ನೇರ ಘಾಟಿನ ಮೆಟ್ಟಿಲಿಳಿದು ಹೋದರು. ಒದ್ದೆ ಪಂಚೆಯಲ್ಲಿ ವಾಪಸು ಬಂದು, "ಇನ್ನು ಸಾಯೋವರೆಗೆ ವರುಣಾ, ಅಸ್ಸಿ ದಾಟಲ್ಲ. ಸಂಕಲ್ಪ ಆಯ್ತು. ಈಗ ಏನು ಹೇಳ್ತೀಯೋ ಹೇಳು" ಎಂದು ನಡುಮನೆಯಲ್ಲಿ ನಿಂತರು. ಅದಕ್ಕೆ ಹೇಳಿದ್ದು ಅಪ್ಪನಲ್ಲ, ಚಿಕ್ಕಮ್ಮ. ಆಗಷ್ಟೇ ಮದುವೆಯಾಗಿ ಶಿವಮೊಗ್ಗದ ಕಡೆಯಿಂದ ಬಂದಿದ್ದ ಹುಡುಗಿ. ಮುಂದಿನ ವಾರ ಹರಿದ್ವಾರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಚಿಕ್ಕಪ್ಪ ಮಾತು ಕೊಟ್ಟಿದ್ದರು, ಪಕ್ಕದ ಮನೆಯಿಂದ ಉಣ್ಣೆಯ ಶಾಲು ಕೂಡ ಕಡ ತಂದಾಗಿತ್ತು. "ಹರಿದ್ವಾರ ನೋಡ್ಕೊಂಡು ಬಂದಮೇಲೆ ಮಾಡಬಹುದಿತ್ತಲ್ರೀ ಈ ಸಂಕಲ್ಪಾನ?" ಎಂದರಂತೆ. ನಾನಾಗ ಇನ್ನೂ ತೊದಲುತ್ತಿದ್ದವನು, ಇದೆಲ್ಲ ಅಮ್ಮನ ಬಾಯಿಂದ ಕೇಳಿದ್ದು. ಅವಳು ಪ್ರತಿ ಸಲ ಹೇಳುವಾಗಲೂ ಆ ಶಾಲಿನ ಬಣ್ಣ ಬದಲಾಗುತ್ತಿತ್ತು.

ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಬಿಟ್ಟು ಹೋಗಬೇಕು ಎಂಬ ಪದ್ಧತಿ ನಿಮಗೆ ಗೊತ್ತಿರಬಹುದು. ನಮ್ಮ ಯಾತ್ರಿಕರು ಭಾರಿ ಬುದ್ಧಿವಂತರು, ಬಹಳ ಯೋಚನೆ ಮಾಡಿ ಹಾಗಲಕಾಯಿ ಬಿಡುತ್ತಾರೆ! ಚಿಕ್ಕಪ್ಪ ಮಾತ್ರ ಕಾಶಿಯೊಂದನ್ನು ಇಟ್ಟುಕೊಂಡು ಮಿಕ್ಕ ಭೂಮಂಡಲವನ್ನೇ ಬಿಟ್ಟರು.

ಬಿಟ್ಟಮೇಲೆ ಸುಮ್ಮನಿದ್ದರೇ? ಪಂಜರಕ್ಕೆ ಹಾಕಿದ ಹುಲಿಯ ಹಾಗೆ ಗೆರೆಯ ಅಂಚಿನವರೆಗೂ ಹೋಗಿ ಹೋಗಿ ತಿರುಗುತ್ತಿದ್ದರು. ಬೆಳಿಗ್ಗೆ ಅಸ್ಸಿಯ ಪುಲಿಯಾ ತನಕ ನಡಿಗೆ. ಪುಲಿಯಾ ಎಂದರೆ ಇಲ್ಲಿಯವರ ಮಾತಿನಲ್ಲಿ ಮೋರಿಯ ಮೇಲಿನ ಸಣ್ಣ ಸೇತುವೆ. ಹೌದು, ಮೋರಿಯೇ. ಪುರಾಣದ ಅಸ್ಸಿ ನದಿ ಈಗ ದಾರಿ ಬದಲಿಸಿದ ಕಪ್ಪು ನೀರಿನ ಚರಂಡಿ. ಕಣ್ಣು ಕಟ್ಟಿ ಕರೆದೊಯ್ದರೂ ಇದೇ ಅಸ್ಸಿ ಎಂದು ಮೂಗೇ ಹೇಳುತ್ತದೆ. "ಇದೇನು ಚಿಕ್ಕಪ್ಪ, ನದಿಯೇ ಜಾಗ ಬಿಟ್ಟು ಹರೀತಿದೆ, ನಿಮ್ಮ ಗೆರೆ ಎಲ್ಲಿ ಉಳೀತು?" ಎಂದು ಒಮ್ಮೆ ಕೇಳಿದೆ. "ನದಿ ಜರುಗಿದ್ರೆ ಅದು ಅದರ ಕರ್ಮ. ಗೆರೆ ಜರುಗಲ್ಲ" ಎಂದರು. ನಾನು ಲಂಕಾದ ಒಂದು ಕೋಚಿಂಗ್ ಸೆಂಟರಿನಲ್ಲಿ ಗಣಿತ ಪಾಠ ಮಾಡುವವನು. ವಿಶ್ವವಿದ್ಯಾಲಯದ ಹೆಬ್ಬಾಗಿಲಿನ ಆ ಪೇಟೆಗೆ ಲಂಕಾ ಎಂದೇ ಹೆಸರು, ಅದಿರುವುದು ಅಸ್ಸಿಯ ಆಚೆ. ಅಂದರೆ ದಿನಾ ಬೆಳಿಗ್ಗೆ ಮುಕ್ತಿ ಕಳೆದುಕೊಂಡು ಸಾಯಂಕಾಲ ವಾಪಸು ಪಡೆಯುವವನು ನಾನು. "ನೋಡ್ಕೊಂಡು ಹೋಗೋ ಪುಟ್ಟ, ಸಾಯೋದಿದ್ರೆ ಈ ಕಡೆ ಬಂದು ಸಾಯಿ" ಎಂಬುದೇ ಚಿಕ್ಕಪ್ಪನ ನಿತ್ಯದ ಆಶೀರ್ವಾದ. ನಲವತ್ತು ದಾಟಿದರೂ ಅವರಿಗೆ ನಾನು ಪುಟ್ಟನೇ.

ದೋಣಿಯಲ್ಲಿ ಇವರೊಂದಿಗೆ ಕೂರುವ ಗ್ರಹಚಾರ ಯಾರಿಗೂ ಬೇಡ. ಒಮ್ಮೆ ದಾವಣಗೆರೆಯ ಒಂದು ಕುಟುಂಬ ಆಚೆ ದಡದ ಮರಳಿನಲ್ಲಿ ಆಡಬೇಕೆಂದು ಆಸೆಪಟ್ಟಿತು. ಆ ದಡದಲ್ಲಿ ಸತ್ತರೆ ಕತ್ತೆಯಾಗಿ ಹುಟ್ಟುತ್ತಾರೆ ಎಂದು ಕಾಶಿಯ ಮಕ್ಕಳಿಗೂ ಗೊತ್ತು. ನಡುಹೊಳೆಗೆ ಬರುತ್ತಲೇ ಚಿಕ್ಕಪ್ಪ, "ನಿಲ್ಲಿಸು! ನಿಲ್ಲಿಸು! ಗೆರೆ ಬಂತು!" ಎಂದು ಎದ್ದು ನಿಂತರು. ದೋಣಿ ಓಲಾಡಿತು, ಹೆಂಗಸರು ಕೂಗಿಕೊಂಡರು. ದೋಣಿಯವನು ಹುಟ್ಟನ್ನು ಮೇಲೆತ್ತಿ, "ಪಂಡಿತ್‌ಜೀ, ಗಂಗಾಜೀ ಮೇಂ ಲಕೀರ್ ಕಹಾಂ ಬಾ?" ಎಂದ. ಗಂಗೆಯಲ್ಲಿ ಗೆರೆ ಎಲ್ಲಿದೆ ತೋರಿಸಿ ಎಂದು. ಚಿಕ್ಕಪ್ಪ ಬೆರಳು ಚಾಚಿ ನೀರನ್ನೇ ತೋರಿಸಿದರು! ಕೊನೆಗೆ ಇನ್ನೊಂದು ದೋಣಿ ಕರೆಸಿ, ನಡುನೀರಿನಲ್ಲೇ ಅದಕ್ಕೆ ಹತ್ತಿ, ವಾಪಸು ಬಂದರು. ದಾವಣಗೆರೆಯವರು ಮರಳಿನಲ್ಲಿ ಆಡುತ್ತಿರುವಾಗ ಈ ದಡದಿಂದ ಕೈಬೀಸುತ್ತ, "ಬೇಗ ಬನ್ನಿ! ಅಲ್ಲಿ ಜಾಸ್ತಿ ಹೊತ್ತು ಇರಬೇಡಿ!" ಎಂದು ಕೂಗುತ್ತಲೇ ಇದ್ದರು.

ಇನ್ನು ಚಿಕ್ಕಮ್ಮ. ಅವರು ವ್ರತ ಹಿಡಿದವರಲ್ಲ. ಮೊದಮೊದಲು ತವರಿಗೆ ಹೋಗಿ ಬರುತ್ತಿದ್ದರು. ಆದರೆ ಅವರು ರೈಲು ಹತ್ತಿದ್ದೇ ತಡ, ಇಲ್ಲಿ ಚಿಕ್ಕಪ್ಪ ಅನ್ನ ಬಿಟ್ಟು, ಕಾಲು ಸುಟ್ಟ ಬೆಕ್ಕಿನ ಹಾಗೆ ಗಲ್ಲಿಯುದ್ದಕ್ಕೂ ಓಡಾಡುತ್ತಿದ್ದರು. "ಅವಳಿಗೆ ಅಲ್ಲೇ ಏನಾದ್ರೂ ಆಗಿಬಿಟ್ರೆ?" ಎಂಬುದೊಂದೇ ಮಾತು. ನಾನು ಮುಕ್ತನಾಗಿ ಹೋಗಿಬಿಡ್ತೀನಿ, ಅವಳು ಎಲ್ಲೋ ಒಂಟಿಯಾಗಿ ಮತ್ತೆ ಹುಟ್ಟುತ್ತಾಳೆ ಎಂಬುದು ಅವರ ಲೆಕ್ಕ. ಗಣಿತದವನಾದ ನನಗೂ ಆ ಲೆಕ್ಕದಲ್ಲಿ ತಪ್ಪು ಹುಡುಕಲಾಗಲಿಲ್ಲ. ಹೀಗಾಗಿ ಚಿಕ್ಕಮ್ಮ ತವರಿಗೆ ಹೋಗುವುದನ್ನೂ ನಿಲ್ಲಿಸಿದರು. ಜೈಲಿನಲ್ಲಿ ಗಂಡ ಇದ್ದಮೇಲೆ ಹೆಂಡತಿ ಹೊರಗಿದ್ದು ಏನು ಮಾಡುವುದು?

ಅನ್ಯಾಯ ನೋಡಿ. ದಿನವಿಡೀ ಓಡಾಡುವ ಚಿಕ್ಕಪ್ಪನ ಮಂಡಿಗಳು ಕಬ್ಬಿಣದ ಹಾಗಿವೆ. ಮನೆಯಲ್ಲೇ ಇರುವ ಚಿಕ್ಕಮ್ಮನ ಮಂಡಿಗಳು ಸವೆದುಹೋದವು! ನಮ್ಮ ಮನೆಯ ಮೆಟ್ಟಿಲುಗಳನ್ನು ಕಟ್ಟಿದ ಪುಣ್ಯಾತ್ಮ ಮೆಟ್ಟಿಲು ಎಂದರೆ ಏಣಿ ಎಂದುಕೊಂಡಿದ್ದನೋ ಏನೋ. ಕೆಳಗಿನ ಅಡುಗೆಮನೆಯಿಂದ ಮೇಲಿನ ಹಜಾರಕ್ಕೆ ಯಾತ್ರಿಕರ ಊಟದ ಪಾತ್ರೆ ಹೊತ್ತು ಹೊತ್ತು ಚಿಕ್ಕಮ್ಮನ ಕಾಲು ಬಿಲ್ಲಿನ ಹಾಗೆ ಬಾಗಿದವು. ಅವರು ಎದ್ದರೆ ಕೇಳಿಸುವ ಸದ್ದಿಗೆ ಪಕ್ಕದ ಕೋಣೆಯಲ್ಲಿದ್ದವರು, ಯಾರೋ ಹಪ್ಪಳ ಮುರಿದರು ಎಂದುಕೊಳ್ಳುತ್ತಿದ್ದರು. ಗಂಗೆಗೆ ಇಳಿಯುವುದೂ ನಿಂತುಹೋಯಿತು. ಚಿಕ್ಕಪ್ಪ ತಂಬಿಗೆಯಲ್ಲಿ ನೀರು ತಂದು ತಲೆಗೆ ಪ್ರೋಕ್ಷಣೆ ಮಾಡುತ್ತಿದ್ದರು. "ಗಂಗೆ ಪಕ್ಕದಲ್ಲಿದ್ದೂ ಚಮಚದ ಸ್ನಾನ ಆಯ್ತು ನನ್ನ ಹಣೆಬರಹ" ಎಂದು ಚಿಕ್ಕಮ್ಮ ನಗುತ್ತಿದ್ದರು. ನಗುವಾಗಲೂ ಒಂದು ಕೈ ಗೋಡೆಯ ಮೇಲಿರುತ್ತಿತ್ತು.

ಚಿಕ್ಕಪ್ಪ ಸುಮ್ಮನೆ ಕೂರುತ್ತಾರೆಯೇ? ದಿನಕ್ಕೊಂದು ಎಣ್ಣೆ, ವಾರಕ್ಕೊಂದು ಲೇಪ. ಕೊನೆಗೆ ಅಖಾಡದಿಂದ ಒಬ್ಬ ಪೈಲ್ವಾನನನ್ನೇ ಕರೆತಂದರು. ಮೂಳೆಯ ಕೆಲಸದಲ್ಲಿ ಕಾಶಿಯ ಪೈಲ್ವಾನರ ಕೈ ದೊಡ್ಡದು. ಈತನ ಕೈ ನಿಜಕ್ಕೂ ದೊಡ್ಡದೇ, ಒಂದೊಂದು ಅಂಗೈಯೂ ಊಟದ ತಟ್ಟೆಯಷ್ಟು. ಚಿಕ್ಕಮ್ಮನ ಕಾಲನ್ನು ಹಿಡಿದು ಒಮ್ಮೆ ಎಳೆದ ನೋಡಿ! ನಲವತ್ತು ವರ್ಷದಲ್ಲಿ ಚಿಕ್ಕಮ್ಮನಿಗೆ ಸರಿಯಾಗಿ ಬಾರದ ಹಿಂದಿ ಆ ಕ್ಷಣದಲ್ಲಿ ಬಂತು. ಪೈಲ್ವಾನ ಬೆಚ್ಚಿಬಿದ್ದು ಕಾಲು ಬಿಟ್ಟ. "ಮಾತಾಜೀ ಕೀ ಕಟೋರೀ ಘಿಸ್ ಗಯೀ ಹೈ, ಡಾಕ್ಟರ್ ಕೋ ದಿಖಾಯಿಯೇ" ಎಂದು, ಮಂಡಿಚಿಪ್ಪೇ ಸವೆದಿದೆ ಎಂಬ ತೀರ್ಪು ಕೊಟ್ಟು, ಲಸ್ಸಿಯನ್ನೂ ಕುಡಿಯದೆ ಹೊರಟುಹೋದ.

ಡಾಕ್ಟರು ಇನ್ನೇನು ಹೇಳುತ್ತಾರೆ? ಎರಡೂ ಮಂಡಿ ಬದಲಾಯಿಸಬೇಕು ಎಂದರು. ಅವರು ನಮ್ಮ ಸೋನಾರ್‌ಪುರದ ಒಂದು ಔಷಧಿ ಅಂಗಡಿಯ ಮೇಲೆ ವಾರಕ್ಕೊಮ್ಮೆ ಬಂದು ರೋಗಿಗಳನ್ನು ನೋಡುತ್ತಿದ್ದರು. ನಮ್ಮ ಗಲ್ಲಿಯ ಬಂಗಾಲಿ ಅಜ್ಜಿಯೊಬ್ಬರ ಮಂಡಿಯನ್ನು ಅವರೇ ಬದಲಿಸಿದ್ದರು. ಆ ಅಜ್ಜಿ ಈಗ ಏನೂ ಹಿಡಿದುಕೊಳ್ಳದೆ ಕೇದಾರಘಾಟಿಗೆ ಇಳಿದು ಹತ್ತುವುದನ್ನು ಚಿಕ್ಕಮ್ಮ ಕಿಟಕಿಯಿಂದ ದಿನಾ ನೋಡುತ್ತಿದ್ದರು. "ಇವರ ಹತ್ರವೇ ಮಾಡಿಸ್ಕೊಳ್ತೀನಿ" ಎಂದು ಪಟ್ಟು ಹಿಡಿದರು. ಎಲ್ಲಾ ಸರಿ, ಆದರೆ ಆ ಡಾಕ್ಟರು ಆಪರೇಷನ್ ಮಾಡುವ ಖಾಸಗಿ ಆಸ್ಪತ್ರೆ ಎಲ್ಲಿದೆ? ಲಂಕಾದಲ್ಲಿ! ಅಸ್ಸಿ ದಾಟಿ ಹತ್ತು ನಿಮಿಷದ ದಾರಿ.

ಅವತ್ತಿನಿಂದ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಚಿಕ್ಕಪ್ಪ ಈ ಕಡೆಯ ಆಸ್ಪತ್ರೆಗಳನ್ನೆಲ್ಲ ಕಾಲಿನಲ್ಲೇ ಅಳೆದರು. ಒಂದು ಕಡೆ ಕಣ್ಣು ಮಾತ್ರ, ಇನ್ನೊಂದು ಕಡೆ ಹೆರಿಗೆ ಮಾತ್ರ. ಮತ್ತೊಂದು ಕಡೆ ಮಂಡಿಯನ್ನೂ ಮಾಡುತ್ತಾರೆ, ಆದರೆ ಚಿಕ್ಕಮ್ಮ ಒಲ್ಲೆ ಎಂದರು. "ಮಂಡಿ ನಂದು. ಡಾಕ್ಟ್ರೂ ನಾನು ಹೇಳಿದವರೇ" ಎಂದರು. ನಲವತ್ತು ವರ್ಷಕ್ಕೊಮ್ಮೆ ಹಿಡಿದ ಹಟವದು, ಅದರ ಮುಂದೆ ಯಾರ ಆಟವೂ ನಡೆಯಲಿಲ್ಲ.

ಆಗ ಚಿಕ್ಕಪ್ಪ ಬೇರೆ ದಾರಿ ಹಿಡಿದರು. ಡಾಕ್ಟರ ಕಾರು ಬೆಳಿಗ್ಗೆ ಅಸ್ಸಿಯ ಪುಲಿಯಾ ಮೇಲೆಯೇ ಹೋಗುತ್ತದೆ ಎಂದು ಪತ್ತೆಹಚ್ಚಿ, ಈ ತುದಿಯಲ್ಲಿ ನಿಂತು, ಎಕ್ಸ್‌ರೇಯನ್ನು ಬಾವುಟದ ಹಾಗೆ ಎತ್ತಿ ಹಿಡಿದು ಕಾರು ನಿಲ್ಲಿಸಿಯೇಬಿಟ್ಟರು! ಹಿಂದೆ ಟೋಟೋ ಎಂಬ ಬ್ಯಾಟರಿ ರಿಕ್ಷಾಗಳ ಸಾಲು, ಅದರ ಹಿಂದೆ ಆಟೋಗಳು, ಅದರ ಹಿಂದೆ ಒಂದು ಎಮ್ಮೆ. ಎಲ್ಲವೂ ಒಟ್ಟಿಗೆ ಕಿರುಚಿಕೊಳ್ಳುತ್ತಿವೆ. ಆ ಗದ್ದಲದಲ್ಲಿ ಚಿಕ್ಕಪ್ಪ ಕಿಟಕಿಯೊಳಗೆ ತಲೆ ತೂರಿಸಿ, "ಡಾಕ್ಟರ್ ಸಾಬ್, ಯೇ ಕಾಮ್ ಇಸ್ ಪಾರ್ ನಹೀಂ ಹೋ ಸಕತಾ?" ಎಂದರು. ಈ ಕೆಲಸ ಈ ದಡದಲ್ಲಿ ಆಗುವುದಿಲ್ಲವೇ ಎಂದು. ಡಾಕ್ಟರು ತಾಳ್ಮೆಯ ಮನುಷ್ಯ. "ಪಂಡಿತ್‌ಜೀ, ಆಪರೇಷನ್ ಥಿಯೇಟರ್ ಠೇಲೇ ಪರ್ ನಹೀಂ ಚಲತಾ" ಎಂದರು. ಕಡಲೆಕಾಯಿಯ ಗಾಡಿಯ ಹಾಗೆ ಥಿಯೇಟರನ್ನು ತಳ್ಳಿಕೊಂಡು ಬರಲಾಗುವುದಿಲ್ಲ ಎಂಬುದು ಚಿಕ್ಕಪ್ಪನಿಗೆ ಆಗ ಹೊಳೆಯಿತು.

ಕೊನೆಗೆ ನಾವೆಲ್ಲ ಸೇರಿ ಅವರನ್ನು ಮಠಕ್ಕೆ ಕಳಿಸಿದೆವು, ಜೊತೆಗೆ ನಾನೂ ಹೋದೆ. ನಮ್ಮ ಕನ್ನಡದ ಮಠದ ವೃದ್ಧ ಸ್ವಾಮಿಗಳು ಕರುಣಾಳು. ಎಲ್ಲವನ್ನೂ ಕೇಳಿ, "ಪಂಚಕ್ರೋಶಿ ಯಾತ್ರೆ ಸುತ್ತುವ ದಾರಿಯ ಒಳಗೆಲ್ಲ ಕಾಶಿಯೇ ಅಲ್ಲವೇನಪ್ಪಾ? ಆ ಲೆಕ್ಕದಲ್ಲಿ ಲಂಕಾನೂ ಒಳಗೇ ಬರ್ತದೆ. ನಿಶ್ಚಿಂತೆಯಿಂದ ಹೋಗಿ ಬಾ" ಎಂದರು. ನಾನು ಮನಸ್ಸಿನಲ್ಲೇ ಸ್ವಾಮಿಗಳಿಗೆ ಉದ್ದಂಡ ನಮಸ್ಕಾರ ಹಾಕಿದೆ. ಚಿಕ್ಕಪ್ಪ ತಲೆ ಅಲ್ಲಾಡಿಸಿದರು. "ನೀವು ಹೇಳೋದು ಶಾಸ್ತ್ರ ಸ್ವಾಮೀ. ಆದ್ರೆ ನಾನು ಗಂಗೆಯಲ್ಲಿ ನಿಂತು ಹೇಳಿದ್ದು ಅಸ್ಸಿ ಅಂತ. ಆಡಿದ್ದು ನಾನು, ಕೇಳಿಸ್ಕೊಂಡಿದ್ದು ಆ ಗಂಗೆ. ಅವಳ ಮುಂದೆ ಹೋಗಿ ಈಗ ಗೆರೆ ಹಿಗ್ಗಿಸಲಾ?" ಸ್ವಾಮಿಗಳು ನಗುತ್ತ ಒಂದು ಬಾಳೆಹಣ್ಣು ಕೊಟ್ಟು ಕಳಿಸಿದರು. ದಾರಿಯಲ್ಲಿ ಚಿಕ್ಕಪ್ಪ ಆ ಹಣ್ಣನ್ನು ಸುಲಿಯುವುದನ್ನೂ ಮರೆತು, ಕೈಯಿಂದ ಕೈಗೆ ಬದಲಾಯಿಸುತ್ತ ನಡೆದರು.

ಮನೆಯಲ್ಲಿ ಪ್ರಶ್ನೆಗಳ ಮಳೆ. ಹೊಸ ಮಂಡಿ ಎಂಥ ಲೋಹದ್ದು? ತುಕ್ಕು ಹಿಡಿಯುತ್ತಾ? ಸಿಡಿಲು ಬಡಿಯುತ್ತಾ? ಒಂದು ದಿನ ಊಟ ಬಡಿಸುವಾಗ, "ಅಲ್ಲ ಕಣೇ, ಈ ಲೋಹ ಮಣಿಕರ್ಣಿಕೆಯ ಬೆಂಕಿಯಲ್ಲಿ ಕರಗುತ್ತೋ ಇಲ್ವೋ? ಕರಗದಿದ್ರೆ ಗಂಗೆಗೆ ಹೇಗೆ ಬಿಡೋದು?" ಎಂದು ಕೇಳಿಯೇಬಿಟ್ಟರು. ಚಿಕ್ಕಮ್ಮನ ಕೈಯ ಸೌಟು ಗಾಳಿಯಲ್ಲೇ ನಿಂತಿತು.

"ಇನ್ನೂ ಹಾಕಿಸ್ಕೊಂಡೇ ಇಲ್ಲ, ಆಗಲೇ ಸುಡೋ ಮಾತು! ನಡೆಯೋಕೆ ಅಂತ ಹಾಕಿಸ್ಕೊಳ್ತಿರೋದ್ರೀ ಅದನ್ನ."

"ಹಾಗಲ್ಲ ಕಣೇ, ಮುಂದಾಲೋಚನೆ."

"ಮುಂದಾಲೋಚನೆ ಇರೋರು ಹರಿದ್ವಾರ ನೋಡಿ ಬಂದು ಸಂಕಲ್ಪ ಮಾಡ್ತಾರೆ!"

ನಾನು ಮಜ್ಜಿಗೆಯನ್ನು ನೆತ್ತಿಗೆ ಹತ್ತಿಸಿಕೊಂಡೆ. ಆದರೆ ಚಿಕ್ಕಪ್ಪ ನಗಲಿಲ್ಲ. ತಲೆ ತಗ್ಗಿಸಿ ಅನ್ನ ಕಲಸುತ್ತ, "ಆಪರೇಷನ್ನಲ್ಲಿ ಹೆಚ್ಚುಕಮ್ಮಿ ಆದ್ರೆ, ಅಲ್ಲಿ, ಆ ಕಡೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಚಿಕ್ಕಮ್ಮ ಅವರ ತಟ್ಟೆಗೆ ಇನ್ನಷ್ಟು ಸಾರು ಹಾಕಿ, "ಆದ್ರೆ ಆಯ್ತು. 'ಗಂಡ ಬರಲಿಲ್ಲ, ಅವನಿಗೆ ವ್ರತ ಇತ್ತು' ಅಂತ ಯಮನಿಗೆ ಹೇಳ್ತೀನಿ" ಎಂದರು. ಅದು ತಮಾಷೆಯೋ ಅಲ್ಲವೋ ನನಗೆ ಗೊತ್ತಾಗಲಿಲ್ಲ.

ಆಸ್ಪತ್ರೆಗೆ ಸೇರುವ ದಿನ ಬಂತು. ಟೋಟೋದಲ್ಲಿ ಚಿಕ್ಕಮ್ಮ, ನಾನು, ನನ್ನ ಹೆಂಡತಿ, ಒಂದು ಫ್ಲಾಸ್ಕು. ಚಿಕ್ಕಪ್ಪ ನಮ್ಮ ಪಕ್ಕದಲ್ಲಿ ನಡೆದೇ ಬಂದರು. ಸೋನಾರ್‌ಪುರದ ಟ್ರಾಫಿಕ್ಕಿನಲ್ಲಿ ನಡೆಯುವವರೇ ಮುಂದೆ, ಹಾಗಾಗಿ ಅವರು ಆಗಾಗ ನಿಂತು ನಮಗಾಗಿ ಕಾಯಬೇಕಾಯಿತು. ಪುಲಿಯಾ ಬಂದಾಗ ಟೋಟೋದವನನ್ನು ನಿಲ್ಲಿಸಿದರು. ಚಿಕ್ಕಮ್ಮನ ಸೆರಗು ಚಕ್ರಕ್ಕೆ ಸಿಕ್ಕದ ಹಾಗೆ ಒಳಗೆ ಸೇರಿಸಿದರು. ಆಮೇಲೆ ಮತ್ತೊಮ್ಮೆ ಸೇರಿಸಿದರು.

"ಹೋಗಿ ಬರ್ತೀನಿ ರೀ" ಎಂದರು ಚಿಕ್ಕಮ್ಮ.

"ಹೂಂ" ಎಂದರು ಚಿಕ್ಕಪ್ಪ, ಚರಂಡಿ ನೋಡುತ್ತ.

ಇದನ್ನೆಲ್ಲ ನೋಡುತ್ತಿದ್ದ ಮೂಲೆಯ ಪಾನ್ ಅಂಗಡಿಯವನು ಬಾಯಲ್ಲಿ ಪಾನ್ ಇಟ್ಟುಕೊಂಡೇ, "ಅರೇ ಗುರೂ, ರಾಮಜೀ ಭೀ ಪತ್ನೀ ಕೇ ಲಿಯೇ ಲಂಕಾ ಗಯೇ ಥೇ!" ಎಂದು ಕೂಗಿದ. ರಾಮನೂ ಹೆಂಡತಿಗಾಗಿ ಲಂಕೆಗೆ ಹೋಗಿದ್ದ ಎಂದು. ಸುತ್ತಲಿನವರು ನಕ್ಕರು. ಚಿಕ್ಕಪ್ಪ ಅವನತ್ತ ತಿರುಗಿ, "ರಾಮಜೀ ಕ್ಷೇತ್ರಸಂನ್ಯಾಸ ತಗೊಂಡಿರಲಿಲ್ಲ!" ಎಂದು ಅಚ್ಚಕನ್ನಡದಲ್ಲಿ ಗುಡುಗಿದರು. ಟೋಟೋ ಅಸ್ಸಿ ದಾಟಿತು. ನಾನು ಹಿಂತಿರುಗಿ ನೋಡಿದೆ, ಚಿಕ್ಕಮ್ಮ ನೋಡಲಿಲ್ಲ.

ಆಸ್ಪತ್ರೆಯೊಳಗೆ ಕಾಲಿಡುವಷ್ಟರಲ್ಲಿ ಫೋನು ಶುರುವಾಯಿತು. ಬೆಡ್ಡು ಯಾವ ದಿಕ್ಕಿಗಿದೆ? ಉತ್ತರಕ್ಕೆ ತಲೆ ಹಾಕಿ ಮಲಗಿಸಬೇಡಿ. ಕಾಫಿ ಕೊಟ್ಟರಾ? ಅವಳಿಗೆ ಸಕ್ಕರೆ ಕಮ್ಮಿ. ಪಕ್ಕದ ಹಾಸಿಗೆಯವರದ್ದು ಯಾವೂರು? ಮಂಡಿಯೋ, ಸೊಂಟವೋ? ಆಮೇಲೆ ನನ್ನ ಮೇಲೆ ನಂಬಿಕೆ ಹೋಗಿ ನೇರವಾಗಿ ನರ್ಸಮ್ಮನನ್ನೇ ಹಿಡಿದರು. ಆಕೆ ಬಲಿಯಾ ಜಿಲ್ಲೆಯ ಕಡೆಯವಳು, ಬಾಯಿ ಜೋರು, ಮನಸ್ಸು ಮೆದು. ಆಪರೇಷನ್ ಎಷ್ಟು ಹೊತ್ತು, ಯಾವ ಬಟ್ಟೆ ಹಾಕುತ್ತಾರೆ, ಏನೇನು ತೆಗೆಸುತ್ತಾರೆ, ಎಲ್ಲವನ್ನೂ ಆಕೆಯಿಂದ ಬಿಡಿಸಿ ಬಿಡಿಸಿ ಕೇಳಿದರು. ಸಂಜೆಯ ಹೊತ್ತಿಗೆ ಇಡೀ ವಾರ್ಡೇ ಚಿಕ್ಕಪ್ಪನ ಬಳಗವಾಗಿತ್ತು. ನರ್ಸಮ್ಮ ಬಾಗಿಲಿನಿಂದಲೇ, "ಮಾತಾಜೀ, ಬಾಬಾ ಕೇ ಫೋನ್ ಆಯಿಲ್ ಬಾ!" ಎಂದು ಚಿಕ್ಕಪ್ಪನ ಫೋನು ಬಂದದ್ದನ್ನು ಸಾರುತ್ತಿದ್ದಳು. ಬಾಬಾ ಎಲ್ಲಿದ್ದಾರೆ, ಬೆಂಗಳೂರಿನಲ್ಲೋ ಎಂದು ಪಕ್ಕದ ಹಾಸಿಗೆಯಾಕೆ ಕೇಳಿದಳು. ಇಲ್ಲ, ಇಲ್ಲೇ ಪುಲಿಯಾ ಹತ್ತಿರ ನಿಂತಿದ್ದಾರೆ ಎಂದೆ. ಆಕೆ ನನ್ನನ್ನು ಒಂದು ಥರಾ ನೋಡಿದಳು.

ಮಾರನೆಯ ಬೆಳಿಗ್ಗೆ ನಾನು ಬರುವಾಗಲೂ ಚಿಕ್ಕಪ್ಪ ಅಲ್ಲೇ ಇದ್ದರು. ಸ್ನಾನ, ವಿಭೂತಿ ಎಲ್ಲ ಮುಗಿದಿತ್ತು. ಪುಲಿಯಾ ಈಚೆ ತುದಿಯಲ್ಲಿ ಶತಪಥ ತಿರುಗುತ್ತಿದ್ದರು. ನಾನು ಗಾಡಿ ನಿಲ್ಲಿಸಿ, "ಬರ್ತೀರಾ?" ಎಂದೆ. "ತಡ ಮಾಡ್ಬೇಡ, ನಡಿ" ಎಂದರು. ನನಗೆ ಸಿಟ್ಟು ಬಂತು, ನಿಜವಾಗಿ ಬಂತು. ಆ ಮನುಷ್ಯನ ಮುಕ್ತಿಗೊಂದು ನಮಸ್ಕಾರ ಎಂದುಕೊಂಡು ಗಾಡಿ ಓಡಿಸಿದೆ.

ಒಳಗೆ ಚಿಕ್ಕಮ್ಮನಿಗೆ ಹಸಿರು ಗೌನು ತೊಡಿಸಿದ್ದರು. ನಲವತ್ತು ವರ್ಷ ಸೀರೆಯಲ್ಲೇ ನೋಡಿದ ಆಕೃತಿ ಇಷ್ಟು ಚಿಕ್ಕದೇ ಎನ್ನಿಸಿತು. ಮೂಗುತಿ, ಕಾಲುಂಗುರ, ಬಳೆ ಎಲ್ಲ ತೆಗೆದಾಗಿತ್ತು. ನರ್ಸಮ್ಮ ಕೊರಳು ತೋರಿಸಿ, "ಮಾತಾಜೀ, ಯೇ ಭೀ" ಎಂದಳು. ಮೈಮೇಲೆ ಚೂರೂ ಲೋಹ ಇರುವಂತಿಲ್ಲ. ಚಿಕ್ಕಮ್ಮನ ಕೈ ಮಾಂಗಲ್ಯದ ಮೇಲೆ ಮುಚ್ಚಿಕೊಂಡಿತು. ನಮ್ಮಲ್ಲಿ ಅದನ್ನು ಬರಿದೇ ತೆಗೆಯುವುದಿಲ್ಲ. ತೆಗೆಯಲೇಬೇಕಾಗಿ ಬಂದರೆ ಗಂಡ ಮೊದಲು ಅರಿಶಿನದ ಕೊಂಬೊಂದನ್ನು ದಾರದಲ್ಲಿ ಕಟ್ಟಬೇಕು, ಆಮೇಲೆ ಇದು ಇಳಿಯಬೇಕು. ನಾನು ಕಟ್ಟುವಂತಿಲ್ಲ, ನರ್ಸಮ್ಮ ಕಟ್ಟುವಂತಿಲ್ಲ. ಕಟ್ಟಬೇಕಾದವರು ಹತ್ತು ನಿಮಿಷದ ದೂರದಲ್ಲಿ, ನಾತದ ಚರಂಡಿಯೊಂದರ ಆಚೆ!

"ಫೋನ್ ಮಾಡ್ತೀನಿ ಚಿಕ್ಕಮ್ಮ" ಎಂದೆ.

"ಬೇಡ. ಗೊತ್ತಾದ್ರೆ ಓಡಿ ಬಂದುಬಿಡ್ತಾರೆ. ಬಂದ್ರೆ ನಲವತ್ತು ವರ್ಷದ್ದು ಇದೊಂದು ದಾರಕ್ಕೋಸ್ಕರ ಹೋಗುತ್ತೆ. ನಾನು ಹಾಗೆ ಮಾಡಲ್ಲ." ಕಣ್ಣು ಮುಚ್ಚಿ ಎರಡೂ ಕೈಯಿಂದ ಸರವನ್ನು ಕತ್ತಿನ ಹಿಂದಿನಿಂದ ಎತ್ತತೊಡಗಿದರು. "ಅವರಿಗೆ ಹೇಳ್ಬೇಡ ಪುಟ್ಟ. ಆಣೆ."

"ನಿಲ್ಲು, ನಿಲ್ಲು, ತೆಗೀಬೇಡ!"

ಬಾಗಿಲಿನಲ್ಲಿ ಚಿಕ್ಕಪ್ಪ. ಏದುಸಿರು, ಒಂದೇ ಕಾಲಿನಲ್ಲಿ ಚಪ್ಪಲಿ. ಇನ್ನೊಂದು ಪುಲಿಯಾ ಮೇಲೆಯೇ ಉಳಿಯಿತೆಂದು ಆಮೇಲೆ ಪಾನ್ ಅಂಗಡಿಯವನು ಹೇಳಿದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಅರಿಶಿನದ ಕೊಂಬು ತೆಗೆದರು. ದಾರವೂ ಅರಿಶಿನದಲ್ಲಿ ಅದ್ದಿ ತಯಾರಾಗಿತ್ತು. ಹಿಂದಿನ ದಿನ ಅಷ್ಟೊಂದು ಪ್ರಶ್ನೆ ಕೇಳಿದ್ದು ಸುಮ್ಮನೆ ಅಲ್ಲ!

ಚಿಕ್ಕಮ್ಮ ಅವರನ್ನು ನೋಡಿದರು. ಆಮೇಲೆ ಶುರುವಾಯಿತು ನೋಡಿ ಬೈಗುಳ.

"ಯಾರ್ರೀ ನಿಮ್ಮನ್ನ ಕರೆದಿದ್ದು? ದಾಟಿಬಿಟ್ರಾ? ಬುದ್ಧಿ ಇದ್ಯಾ ನಿಮಗೆ? ಇಷ್ಟು ವರ್ಷ ಕಾಪಾಡ್ಕೊಂಡು ಬಂದಿದ್ದು..." ಎಂದು ಬೈಯುತ್ತ ಬೈಯುತ್ತ ಅಳತೊಡಗಿದರು.

"ತಲೆ ಅಲ್ಲಾಡಿಸ್ಬೇಡ, ಗಂಟು ಸಿಕ್ಕಾಗುತ್ತೆ."

"ನಿಮ್ಮ ಮುಕ್ತಿ ಹೋಯ್ತಲ್ರೀ!"

ಚಿಕ್ಕಪ್ಪ ಮೂರನೆಯ ಗಂಟು ಹಾಕಿದರು. ಸಾವಿರಾರು ಜನರ ಬೆರಳಿಗೆ ದರ್ಭೆಯ ಪವಿತ್ರ ತೊಡಿಸಿದ ಕೈ, ಒಂದು ದಾರದ ಗಂಟಿಗೆ ತಡಕಾಡಿತು. "ಹೋಗ್ಲಿ ಬಿಡು. ಮುಕ್ತಿ ಸಿಕ್ಕಮೇಲೆ ಸುಮ್ಮನೆ ಒಂದು ಕಡೆ ಕೂತಿರಬೇಕಂತೆ ಕಣೇ. ನನ್ನ ಕೈಲಿ ಆಗೋ ಮಾತಾ ಅದು? ಅದೂ ನೀನಿಲ್ಲದೆ?"

ನರ್ಸಮ್ಮನಿಗೆ ಕನ್ನಡ ಬಾರದು. ಆದರೂ ಗೋಡೆಯ ಕಡೆ ತಿರುಗಿ ಮೂಗೊರೆಸಿಕೊಂಡಳು. ಚಿಕ್ಕಮ್ಮ ಮಾಂಗಲ್ಯ ತೆಗೆದು ಗಂಡನ ಅಂಗೈಯಲ್ಲಿಟ್ಟರು. ಸ್ಟ್ರೆಚರ್ ತಳ್ಳಿಕೊಂಡು ಹೋದರು. ಥಿಯೇಟರಿನ ಬಾಗಿಲು ಮುಚ್ಚಿತು.

ಇನ್ನು ಚಿಕ್ಕಪ್ಪನನ್ನು ಹಿಡಿಯುವುದು ಹೇಗೆ ಎಂಬ ಚಿಂತೆ ನನಗೆ. ಎಷ್ಟು ಮಹಡಿ ಹತ್ತಿ ಇಳಿಯುತ್ತಾರೋ, ಯಾವ ಡಾಕ್ಟರನ್ನು ಎಲ್ಲಿ ಅಡ್ಡ ಹಾಕುತ್ತಾರೋ! ಅವರು ಬಾಗಿಲ ಎದುರಿನ ಸ್ಟೀಲ್ ಕುರ್ಚಿಯಲ್ಲಿ ಕೂತರು. ಕೂತೇ ಇದ್ದರು. ಟೀ ತಂದೆ, ಬೇಡವೆಂದರು. ನೆಲ ಒರೆಸುವವಳು ಬಂದು ಕಾಲೆತ್ತಿ ಎಂದಳು, ಎತ್ತಲಿಲ್ಲ. ಅವಳು ಸುತ್ತ ಒರೆಸಿಕೊಂಡು ಹೋದಳು. ಮುಷ್ಟಿಯಲ್ಲಿ ಮಾಂಗಲ್ಯ, ಕಣ್ಣು ಬಾಗಿಲಿನ ಮೇಲೆ. ಜಪವಿಲ್ಲ, ಮಂತ್ರವಿಲ್ಲ, ಒಂದು ಮಾತೂ ಇಲ್ಲ. ನನ್ನ ಜನ್ಮದಲ್ಲಿ ಅವರು ಅಷ್ಟು ಹೊತ್ತು ಒಂದೇ ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತೆರೆಯಿತು. ಡಾಕ್ಟರು ಟೋಪಿ ತೆಗೆಯುತ್ತ ಬಂದು, ಎಲ್ಲಾ ಚೆನ್ನಾಗಿ ಆಯಿತು, ಎರಡೂ ಮಂಡಿ ಕೂತಿವೆ, ಮಾತಾಜೀ ಎಚ್ಚರವಾಗಿದ್ದಾರೆ, ಯಾರನ್ನೋ ಬೈಯುತ್ತಿದ್ದಾರೆ ಎಂದರು. ನನಗೆ ನಗು, ಅಳು ಒಟ್ಟಿಗೇ ಬಂದವು.

"ಏಳಿ ಚಿಕ್ಕಪ್ಪ, ಕರೀತಿದ್ದಾರೆ, ಬನ್ನಿ" ಎಂದೆ.

ಅವರು ಕುರ್ಚಿಯ ಕೈ ಹಿಡಿದು ಏಳಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ ನೋಡಿದರು.

"ಕಾಲು ಬರ್ತಿಲ್ಲ ಕಣೋ ಪುಟ್ಟ" ಎಂದು ನನ್ನ ಕೈ ಹಿಡಿದುಕೊಂಡು, ನಮ್ಮ ಚಿಕ್ಕಪ್ಪ ಆ ವರಾಂಡದಲ್ಲಿ, ಅಷ್ಟೊಂದು ಜನರ ಮುಂದೆ, ಮಗುವಿನ ಹಾಗೆ ಅತ್ತರು.